ಅತ್ತೆಯ ಬತ್ತಿ, ಮಗಳ ಕತ್ತರಿ

ಸಿನಿಮಾ ನೋಡುವಾಗ ನಾಯಕಿಯ ಕೈಯಲ್ಲಿರುವ ಕಾಫಿ ಲೋಟವನ್ನು ನೀವು ಎಂದಾದರೂ ಗಮನಿಸಿದ್ದೀರಾ? ಈ ಕ್ಷಣ ಅರ್ಧ ಖಾಲಿ, ಮರುಕ್ಷಣ ಮತ್ತೆ ತುಂಬಿರುತ್ತದೆ! ಹಾಗಾಗದಂತೆ ನೋಡಿಕೊಳ್ಳುವುದಕ್ಕೆ ಕಂಟಿನ್ಯುಟಿ ಎಂದು ಹೆಸರು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ, ಷೇಕ್ಸ್‌ಪಿಯರ್ ಮಹಾಶಯ ಜೂಲಿಯಸ್ ಸೀಸರನ ರೋಮಿನಲ್ಲಿ ಗಡಿಯಾರ ಹೊಡೆಸಿದ್ದು ಗೊತ್ತಿತ್ತು. ಲೋಟದ ಕಾಫಿಗೂ ಒಂದು ಶಾಸ್ತ್ರವಿದೆ ಎಂದು ತಿಳಿದದ್ದು ಮಾತ್ರ ಮಗಳು ಇಲ್ಲಿಯ ಜಾಮಿಯಾ ಮಿಲಿಯಾದ ಮಾಸ್ ಕಮ್ಯುನಿಕೇಷನ್ ರಿಸರ್ಚ್ ಸೆಂಟರ್ ಸೇರಿದ ಮೇಲೆ. 1982ರಿಂದ ಇರುವ ಸಂಸ್ಥೆ ಅದು. ಸಿನಿಮಾ ಓದು ಎಂದರೆ ಯಜಮಾನರು ಮೊದಲು ಹುಬ್ಬು ಗಂಟಿಕ್ಕಿದರು. ನಮ್ಮ ಗಿರೀಶ ಕಾಸರವಳ್ಳಿಯವರೂ ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರಲ್ಲವೇ, 1977ರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬರಲಿಲ್ಲವೇ ಎಂದು ವಾದಿಸಿ ಒಪ್ಪಿಸಿದೆ.

ಮನೆಯೇ ಪ್ರಯೋಗಶಾಲೆಯಾಯಿತು. ಇಬ್ಬರು ಎದುರುಬದುರು ಕೂತು ಮಾತಾಡುವಾಗ ಅವರ ನಡುವೆ ಕಾಣದ ಗೆರೆಯೊಂದನ್ನು ಎಳೆದುಕೊಂಡು, ಕ್ಯಾಮೆರಾ ಅದರ ಒಂದೇ ಪಕ್ಕದಲ್ಲಿ ಇರಬೇಕಂತೆ. ದಾಟಿದರೆ ಇಬ್ಬರೂ ಬಸ್ಸಿನಲ್ಲಿ ಕೂತವರಂತೆ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ. ಇನ್ನು ಕತ್ತರಿಸುವುದಿದ್ದರೆ ಚಲನೆಯ ನಡುವೆ ಕತ್ತರಿಸಬೇಕು. ಕೈ ಲೋಟದ ಕಡೆ ಹೋಗುತ್ತಿರುವಾಗಲೇ ದೂರದ ಚಿತ್ರ ಬಿಟ್ಟು ಹತ್ತಿರದ ಚಿತ್ರಕ್ಕೆ ಬಂದರೆ, ನಮ್ಮ ಕಣ್ಣು ಕೈಯ ಹಿಂದೆಯೇ ಓಡುತ್ತದೆ, ಹೊಲಿಗೆ ಕಾಣುವುದಿಲ್ಲ. ರವಿಕೆ ಹೊಲಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಾಗಿ ಒಂದೇ ಕೆಲಸವನ್ನು ಕ್ಯಾಮೆರಾದ ಜಾಗ ಬದಲಿಸುತ್ತಾ ಹಲವು ಸಲ ಮಾಡಿಸಬೇಕು. ಮಗಳು 2023ರ ಫೆಬ್ರವರಿಯಲ್ಲಿ ತನ್ನ ಕಿರುಚಿತ್ರಕ್ಕೆ ಆರಿಸಿಕೊಂಡದ್ದು ನಮ್ಮ ಅತ್ತೆಯವರು ಬತ್ತಿ ಹೊಸೆಯುವುದನ್ನು. ಅತ್ತೆ ಲಕ್ಷಬತ್ತಿಯ ಸಂಕಲ್ಪ ಮಾಡಿ, ದಿನವೂ ಇಷ್ಟಿಷ್ಟು ಹೊಸೆದು, ಹಳೆಯ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. “ಅಜ್ಜೀ, ಇದೇ ಬತ್ತಿ ಇನ್ನೊಂದ್ಸಲ ಹೊಸೀತೀರಾ?” ಎಂದರೆ, “ಎಣಿಸಿ ಇಟ್ಟಾಯ್ತಲ್ಲೇ. ಅದನ್ನೇ ಮತ್ತೆ ಹೊಸೆ ಅಂದ್ರೆ ನನ್ನ ಲೆಕ್ಕ ಏನಾಗ್ಬೇಕು?” ಎನ್ನುವರು. ಪ್ರತಿ ಸಲವೂ ಹೊಸ ಬತ್ತಿ, ತಟ್ಟೆಯಲ್ಲಿ ಬೆಳೆಯುವ ರಾಶಿ! ತಟ್ಟೆ, ಸೆರಗು, ವಿಭೂತಿಯ ಬಟ್ಟಲು ಎಲ್ಲಿದ್ದವೆಂದು ಪ್ರತಿ ಶಾಟಿನ ಕೊನೆಗೆ ಮೊಬೈಲಿನಲ್ಲಿ ಫೋಟೋ ಹಿಡಿಯುವ ಕೆಲಸಕ್ಕೆ ನಾನು ನೇಮಕವಾದೆ. ಮಯೂರ್ ವಿಹಾರದ ನಮ್ಮ ಬಾಲ್ಕನಿಯ ಬಿಸಿಲೋ, ಅರ್ಧ ಗಂಟೆ ಒಂದೇ ಕಡೆ ನಿಂತರೆ ಹೆಚ್ಚು.

ಕೈಗಳ ಹತ್ತಿರದ ಚಿತ್ರ ಬಾಕಿ ಇತ್ತು. ಮಾರ್ಚಿನಲ್ಲಿ ಅತ್ತೆ ತೀರಿಕೊಂಡರು. ಮೂರು ದಿನದ ಜ್ವರ, ಅಷ್ಟೆ.

ಮೇ ತಿಂಗಳಲ್ಲಿ ಮಗಳು ಹಿಂಜರಿಯುತ್ತಾ, “ಅಮ್ಮ, ನಿನ್ನ ಕೈ ಶೂಟ್ ಮಾಡ್ಲಾ?” ಎಂದಳು. ಮುಖ ಅಜ್ಜಿಯದು, ಕೈ ನನ್ನದು. 1920ರ ಆಸುಪಾಸಿನಲ್ಲಿ ರಷ್ಯದ ಕುಲೆಶೊವ್ ಎಂಬಾತ ನಟನೊಬ್ಬನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದನಂತೆ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತಂತೆ. ಇರಬಹುದು. ಆದರೆ ಆ ಪೆಟ್ಟಿಗೆಯಲ್ಲಿ ಅವನ ಅಜ್ಜಿ ಇರಲಿಲ್ಲವಲ್ಲ.

ಅತ್ತೆಯ ಎರಡು ಬಳೆ ತೊಟ್ಟೆ, ಅವರ ಬೂದುಬಣ್ಣದ ಸೀರೆ ಉಟ್ಟೆ. ಬಿಸಿಲಿನ ಬಿರುಸು ಕಳೆಯಲು ಬಿಳಿ ಪಂಚೆ ಅಡ್ಡ ಕಟ್ಟಿದೆವು. ಸದ್ದು ಬರಬಾರದೆಂದು ಕೂಲರ್ ಆರಿಸಿದೆವು. ಫೋಟೋ ನೋಡಿಕೊಂಡು ತಟ್ಟೆಯಲ್ಲಿ ಅಷ್ಟೇ ಬತ್ತಿ ಇಟ್ಟು, ಬೆರಳಿಗೆ ವಿಭೂತಿ ಹಚ್ಚಿಕೊಂಡು, ಬೆವರುತ್ತಾ 22 ಬತ್ತಿ ಹೊಸೆದೆ.

ತರಗತಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲವಂತೆ. ಮನೆಯಲ್ಲಿ ಯಜಮಾನರು ನೋಡಿ, “ಅಮ್ಮನ ಕೈ ಎಷ್ಟು ಚೆನ್ನಾಗಿ ಬಂದಿದೆ” ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ಹೇಳಿಬಿಟ್ಟೆ. ಅವರು ಏನೂ ಅನ್ನದೆ, ಇನ್ನೊಮ್ಮೆ ಹಾಕು ಎಂದರು. ಮತ್ತೂ ಒಮ್ಮೆ ಹಾಕಿಸಿಕೊಂಡರು. ಮಗಳು ಕೊನೆಯ ಹೆಸರುಗಳಲ್ಲಿ ಅಜ್ಜಿಯ ಹೆಸರಿನ ಕೆಳಗೆ ‘ಕೈಗಳು’ ಎಂದು ನನ್ನ ಹೆಸರು ಸೇರಿಸಿದಳು. ಸೇರಿಸಿದ್ದೇ ಸರಿ, ಅದು ಕಟ್ಟುಕಥೆಯ ಚಿತ್ರವಲ್ಲ.

ಅತ್ತೆಯ ಡೈರಿ 61,400ಕ್ಕೆ ನಿಂತಿತ್ತು. ಮುಂದಿನದನ್ನು ನಾನು ಹೊಸೆಯುತ್ತಿದ್ದೇನೆ. ಶೂಟಿಂಗಿನ ಆ 22 ಬತ್ತಿ ಮಾತ್ರ ಬೇರೆ ಡಬ್ಬಿಯಲ್ಲಿವೆ. ಅವು ಲೆಕ್ಕಕ್ಕೆ ಸೇರುತ್ತವೆಯೇ ಇಲ್ಲವೇ, ನಿಮ್ಮಲ್ಲಿ ತಿಳಿದ ಹಿರಿಯರು ಯಾರಾದರೂ ಹೇಳಿ.