ಹಾಡು ಅದ, ಗಾಡಿ ಇಲ್ಲ (ರಾತ್ರಿ ಸರಣಿ, ಭಾಗ 6)

ನೈಟ್‌ಲೈಫ್ ಅಂದ್ರ ನಮ್ಮ ಕ್ಲಾಸಿನ ಮಂದಿಗಿ ನೆನಪಾಗೋದು ಕಲರ್ ಲೈಟು, ಡಿಜೆ, ಗೋವಾ ಟ್ರಿಪ್ಪು. ಲಂಡನ್‌ನಾಗ ಕೆಲಸ ಮಾಡೋ ನಮ್ಮ ದೊಡ್ಡವ್ವನ ಮಗಳಿಗೆ ನಾನೂ ಕೇಳಿದ್ದು ಅದನ್ನೇ. "ಅಕ್ಕಾ, ಅಲ್ಲಿ ರಾತ್ರಿ ಹೆಂಗಿರ್ತದ?" ಅಕಿ ಲೈಟಿನ ಸುದ್ದಿನೇ ಎತ್ತಲಿಲ್ಲ. "ಬ್ರಿಕ್ಸ್‌ಟನ್‌ನಾಗ ಬ್ಯಾಂಡ್ ಕೇಳಿ, ರಾತ್ರಿ ಎರಡಕ್ಕ ಒಬ್ಬಾಕೀನೇ ಟ್ರೇನ್ ಹತ್ತಿ ರೂಮಿಗಿ ಬಂದೆ" ಅಂದ್ಲು.

ಅಲ್ಲಿ ಅದಕ್ಕ ನೈಟ್ ಟ್ಯೂಬ್ ಅಂತಾರ. 2016ರ ಆಗಸ್ಟ್‌ನಾಗ ಎರಡು ಲೈನಿನಿಂದ ಶುರುವಾಯ್ತು, ಈಗ ಐದು ಲೈನ್. ಶುಕ್ರವಾರ, ಶನಿವಾರ ರಾತ್ರಿಯಿಡೀ ಓಡ್ತದ. ಬ್ರಿಕ್ಸ್‌ಟನ್ ಇರೋದು ಲ್ಯಾಂಬೆತ್‌ನಾಗ. ಅದೇ ಲ್ಯಾಂಬೆತ್‌ನಾಗ, ಥೇಮ್ಸ್ ನದಿ ದಂಡಿಗಿ, 2015ರ ನವೆಂಬರ್ 14ರಂದು ನಮ್ಮ ಬಸವಣ್ಣನ ಮೂರ್ತಿ ಅನಾವರಣ ಆಯ್ತು. ಅದಕ್ಕಾಗಿ ಓಡಾಡಿದ ಅಲ್ಲಿನ ಮಾಜಿ ಮೇಯರ್ ನೀರಜ್ ಪಾಟೀಲ್ ಕಲಬುರಗಿ ಮೂಲದವರು. ಅಂದ್ರ ನಮಗೆ ಪೂರಾ ಪರದೇಶ ಏನಲ್ಲ ಅದು!

ಇನ್ನ ಲೈವ್ ಮ್ಯೂಸಿಕ್ ನಮ್ಮಲ್ಲಿಲ್ಲ ಅನ್ನಬ್ಯಾಡ್ರಿ. ಖ್ವಾಜಾ ಬಂದೇ ನವಾಜ್ ಅವರು ತೀರಿಕೊಂಡು (1422) 600 ವರ್ಷ ದಾಟ್ಯಾವ. ಇವತ್ತಿಗೂ ಉರುಸಿನಾಗ ಖವ್ವಾಲಿ ಕೇಳಲಿಕ್ಕ ಊರೂರಿಂದ ಮಂದಿ ಬರ್ತಾರ. ಹಳ್ಳ್ಯಾಗ ಅಮಾಸಿ ಬಂತಂದ್ರ ಗುಡ್ಯಾಗ ಭಜನಿ. ಏಕತಾರಿ, ತಾಳ, ಹಾರ್ಮೋನಿಯಂ. ಕಡಕೋಳ ಮಡಿವಾಳಪ್ಪನ ಪದ ಮುಗೀತು ಅಂದ್ರ ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದ. ಮೊಹರಂನಾಗ ರಿವಾಯತ್. ಟಿಕೆಟ್ ಇಲ್ಲ, ಪಾಸ್ ಇಲ್ಲ, ಗೇಟಿನಾಗ ಬೌನ್ಸರ್ ಇಲ್ಲ. ನಡುರಾತ್ರಿ ಯಾರೋ ಚಹಾ ಕೊಡ್ತಾರ.

ಆದ್ರ ಇದನ್ನ ಬೆಳಗಿನ ತನಕ ಕೇಳೋರು ಯಾರು?

ನಾನು ಕಮಲಾಪುರದಾಕಿ, ದಿನಾ ಬಸ್ಸಿಗಿ ಕಲಬುರಗಿಗಿ ಬಂದು ಬಿಕಾಂ ಓದಾಕಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ನಮಗ ಟಿಕೆಟ್ ಜೀರೋ ಆಯ್ತು. ಅದರಿಂದ ಕಾಲೇಜಿಗಿ ಬರೋ ಹುಡುಗ್ಯಾರು ನಮ್ಮ ಬಸ್ಸಿನ್ಯಾಗೇ ಎಷ್ಟೋ ಮಂದಿ ಅದಾರ. ಆದ್ರ ರೊಕ್ಕ ಉಳೀತಂತ ಟೈಮ್ ಉಳಿಯಂಗಿಲ್ಲ. ಖವ್ವಾಲಿ ರಂಗೇರೋ ಹೊತ್ತಿಗಿ ನಾನು ಮನ್ಯಾಗ ಇರಬೇಕು.

ಊರಾಗಿನ ಭಜನಿಗಿ ಬಸ್ಸೂ ಬ್ಯಾಡ, ಹತ್ತು ಹೆಜ್ಜಿ ದಾರಿ. ಅಲ್ಲೂ ಹಂಗೇ. ಹದಿನೇಳರ ತಮ್ಮ ರಾತ್ರಿಯಿಡೀ ಕಟ್ಟಿ ಮ್ಯಾಲ ಕುಂದರ್ತಾನ. ಇಪ್ಪತ್ತರ ನನಗ ನಾಲ್ಕು ಪದ ಆಗೂದ್ರೊಳಗ "ನಾಳಿ ಕಾಲೇಜ್ ಅದ, ಮಲ್ಕೋ ನಡಿ" ಅಂತ ಕರೆ ಬರ್ತದ. ಅವನಿಗೂ ನಾಳಿ ಕಾಲೇಜ್ ಇರ್ತದಲ್ಲ?

ಬಿಕಾಂ ಲೆಕ್ಕದಾಗ ಹೇಳ್ತೀನಿ. ಕಮಲಾಪುರದ ಕೆಂಪು ಬಾಳಿಹಣ್ಣು ಎಷ್ಟೇ ಸಿಹಿ ಇದ್ರೂ ಗಾಡಿ ಸಿಗಲಿಲ್ಲಂದ್ರ ತ್ವಾಟದಾಗೇ ಉಳೀತದ. ನಮ್ಮ ರಾತ್ರಿ ಹಾಡೂ ಹಂಗೇ. ಮಾಲು ಅದ, ಗಿರಾಕಿ ಅದ, ಸಾಗಣಿ ಇಲ್ಲ. ಲಂಡನ್ ನಮಗಿಂತ ಛಲೋ ಹಾಡ್ತದೋ ಇಲ್ಲೋ ನನಗ ಬ್ಯಾಡ. ಹಾಡು ಮುಗಿದ ಮ್ಯಾಲ ಒಬ್ಬ ಹುಡುಗಿ ಮನಿಗಿ ಹೆಂಗ ಮುಟ್ಟಬೇಕು ಅಂತ ಅಲ್ಲಿ ಯಾರೋ ಕುಂತು ಯೋಚನಿ ಮಾಡ್ಯಾರ. ನನಗ ನೈಟ್‌ಲೈಫ್ ಅಂದ್ರ ಅದು.

ಇದನ್ನೆಲ್ಲ ಅವ್ವಗ ಹೇಳಿದೆ. ರೊಟ್ಟಿ ಬಡಿಯೋದು ನಿಲ್ಲಿಸಿ ಅಂದ್ಲು: "ಮದುವಿಯಾಗಿ ಬಂದು ಇಪ್ಪತ್ತೆರಡು ವರ್ಷಾತು. ಮಂಗಳಾರತಿ ಪದ ನಾನು ಹಾಸಿಗಿ ಮ್ಯಾಲಿಂದನೇ ಕೇಳೀನಿ, ಎದುರು ಕುಂತು ಒಮ್ಮಿನೂ ಕೇಳಿಲ್ಲ."

ಬರೋ ಅಮಾಸಿಗಿ ನಾವಿಬ್ಬರೂ ಕುಂದರ್ತೀವಿ. ಓಣಿಯ ಇನ್ನೂ ಮೂರು ಮಂದಿ ಹೆಣ್ಮಕ್ಕಳು ಹೂಂ ಅಂದಾರ. ಚಾಪಿ ನಮ್ಮ ಮನಿದೇ.

ನಿಮ್ಮೂರಾಗ ಹೆಂಗ? ಯಾವ ಪದದ ತನಕ ಕುಂದರಲಿಕ್ಕ ಬಿಡ್ತಾರ? ಕಾಮೆಂಟ್‌ನಾಗ ಬರೀರಿ, ಖರೇ ಖರೇ ಬರೀರಿ.

#ಕಲಬುರಗಿ #ಕಮಲಾಪುರ #ರಾತ್ರಿಸರಣಿ #ತತ್ವಪದ