ಅಪ್ಪನ ಹೆಬ್ಬೆಟ್ಟು, ನನ್ನ ಬಿ.ಕಾಂ.

ಶಹಾಬಾದಿನ ಪರ್ಸಿ ಗಣಿಯಲ್ಲಿ ಅಪ್ಪ ಕಲ್ಲು ಎಬ್ಬಿಸುತ್ತಿದ್ದ. ಸಾಹುಕಾರನ ವಹಿಯಲ್ಲಿ ಅವನ ಹೆಸರಿನ ಮುಂದೆ ಮುಂಗಡ, ಕೆಳಗೆ ಹೆಬ್ಬೆಟ್ಟು. "ಅವ ಬರೀತಾನ, ನಾ ಒತ್ತತೀನಿ. ನೀ ಲೆಕ್ಕಾ ಕಲಿಯಪ್ಪಾ" ಅಂತ ಆಗಿನ ಗುಲಬರ್ಗಾಕ್ಕೆ ಬಿ.ಕಾಂ. ಓದಲು ಕಳಿಸಿದ. ಕೊಟ್ಟ ಮುಂಗಡ ಕೊಟ್ಟವನ ಆಸ್ತಿ ಎಂದು ಮೇಷ್ಟ್ರು ಕಲಿಸಿದರು. ಅಂದರೆ ಅಪ್ಪನ ಸಾಲ ಸಾಹುಕಾರನ ಆಸ್ತಿ! ಅಪ್ಪನ ಎದೆಯೊಳಗಿನ ಧೂಳಿಗೆ ಯಾವ ಕಾಲಮ್ಮೂ ಇರಲಿಲ್ಲ.

1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಮರ್ಸ್ ಕಾಲೇಜಿನಲ್ಲಿ ಪಾಠ ಹೇಳಲು ಹೋದ ಬಾಬಾಸಾಹೇಬರು ನೀರಿನ ಕೊಡ ಮುಟ್ಟುವುದಕ್ಕೆ ಜೊತೆಯ ಪ್ರಾಧ್ಯಾಪಕರೇ ತಕರಾರು ತೆಗೆದಿದ್ದರು. 1953ರಲ್ಲಿ ಬಾಬಾಸಾಹೇಬರ ಸಂಸ್ಥೆಯೇ ಸಿದ್ಧಾರ್ಥ ಕಾಮರ್ಸ್ ಕಾಲೇಜು ತೆರೆಯಿತು.

ಪಾಸಾಗಿ ಊರಿಗೆ ಬಂದು ಆ ವಹಿ ಕೇಳಿದೆ. ತೋರಿಸಲಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ತಮ್ಮಂದಿರೇ, ಕಾಮರ್ಸ್ ಓದ್ರಿ. ಸಾಹುಕಾರನ ವಹಿ ಬರಿಯಾಕ ಅಲ್ಲ, ಹೆಬ್ಬೆಟ್ಟಿನ ಮ್ಯಾಲ ಏನು ಬರದಾರ ಅಂತ ಕೇಳಾಕ.