ಆ ದಿನದ ರೇಟು

ಕೋಯಂಬೇಡು ಮಾರುಕಟ್ಟೆಯಲ್ಲಿ ದಿನ ಶುರುವಾಗುವುದು ನಡುರಾತ್ರಿಯಲ್ಲಿ. ಕೋಲಾರ, ಚಿಂತಾಮಣಿ, ಮದನಪಲ್ಲಿ ಕಡೆಯ ಟೊಮೆಟೊ ಲಾರಿಗಳು ಒಂದೊಂದಾಗಿ ಬರುತ್ತವೆ. ಎಷ್ಟು ಲಾರಿ ಬಂದಿದೆ ಎಂದು ನೋಡಿಕೊಂಡು ಬೆಳಗಿನ ಜಾವದೊಳಗೆ ರೇಟು ಕಟ್ಟುತ್ತಾರೆ. ಅದೇ ಹೊಲದ, ಅದೇ ಬಣ್ಣದ ಹಣ್ಣು ನಿನ್ನೆ ಒಂದು ಬೆಲೆ, ಇವತ್ತು ಅದರ ಅರ್ಧ. ಹಣ್ಣಿನಲ್ಲಿ ಏನೂ ವ್ಯತ್ಯಾಸವಿಲ್ಲ. ಲಾರಿಗಳ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ.

1996ರಲ್ಲಿ ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯಿಂದ ಸಗಟು ವ್ಯಾಪಾರವನ್ನು ಇಲ್ಲಿಗೆ ತಂದಾಗ, ಜೊತೆಗೆ ಬಂದವರಲ್ಲಿ ಕೋಲಾರದ ಕಡೆಯ ಒಬ್ಬ ಕನ್ನಡಿಗನಿದ್ದ. ಟೊಮೆಟೊ ಮಂಡಿಯಲ್ಲಿ ಪಾಲುದಾರ. ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಕೆಜಿಎಫ್‌ನವಳು, ಇಪ್ಪತ್ತೆರಡು ವರ್ಷ.

ಕೆಜಿಎಫ್‌ನವಳು ಎಂದರೆ ಅರ್ಥವಾಗಬೇಕಾದದ್ದು ಒಂದಿದೆ. ಬ್ರಿಟಿಷರ ಕಾಲದಿಂದ ‘ಪುಟ್ಟ ಇಂಗ್ಲೆಂಡ್’ ಎಂದು ಕರೆಸಿಕೊಂಡ ಆ ಚಿನ್ನದ ಗಣಿಯ ಊರಿನಲ್ಲಿ ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಅಥವಾ ತೆಲುಗು, ಕ್ಲಬ್ಬಿನಲ್ಲಿ ಇಂಗ್ಲಿಷ್. ಕ್ರಿಸ್‌ಮಸ್ ಬಂದರೆ ಗಿಟಾರ್ ಹಿಡಿದವರು ಮನೆಮನೆಗೆ ಬರುತ್ತಿದ್ದರು. ಈಕೆ ಅಲ್ಲಿನ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಸಿನಿಮಾ ಹಾಡುಗಳ ನಡುವೆ ಒಂದೋ ಎರಡೋ ಇಂಗ್ಲಿಷ್ ಹಾಡು ಅವಳ ಪಾಲಿಗೆ ಮೀಸಲು. ಮದುವೆಯ ಮಾತುಕತೆಯಲ್ಲಿ ಈ ವಿಷಯವನ್ನು ಹುಡುಗಿಯ ಕಡೆಯವರು ಹೇಳಲಿಲ್ಲ, ಹುಡುಗನ ಕಡೆಯವರು ಕೇಳಲಿಲ್ಲ. ಮುಂದೆ ಹಾಡುವ ಮಾತು ತಾನಾಗಿಯೇ ನಿಂತುಹೋಯಿತು. ಯಾರೂ ಬೇಡವೆಂದಿರಲಿಲ್ಲ.

ಒಂದು ದಿನ ಅವನು ಮನೆಗೆ ಬರುವಾಗ ಎ.ಆರ್. ರೆಹಮಾನ್ ಹೆಸರಿದ್ದ ಕ್ಯಾಸೆಟ್ ತಂದ. ಆಗ ಆ ಹೆಸರಿದ್ದರೆ ಸಾಕು, ಯಾವ ಸಿನಿಮಾ ಎಂದು ಯಾರೂ ಕೇಳುತ್ತಿರಲಿಲ್ಲ. ‘ರೋಜಾ’, ‘ಜೆಂಟಲ್‌ಮನ್’, ‘ಕಾದಲನ್’, ‘ಬಾಂಬೆ’ ಎಲ್ಲ ಮೂರ್ನಾಲ್ಕು ವರ್ಷದೊಳಗೆ ಬಂದುಹೋಗಿದ್ದವು. ಟೇಪ್ ಹಾಕಿದರೆ ಪೂರ್ತಿ ಇಂಗ್ಲಿಷ್. ಹಾಡಿದವರು ಮಾಲ್ಗುಡಿ ಶುಭಾ. ಆಲ್ಬಮಿನ ಹೆಸರು ‘ಸೆಟ್ ಮಿ ಫ್ರೀ’. ಅವನು ಎರಡನೇ ಹಾಡಿಗೇ ನಿಲ್ಲಿಸಿ, ‘ಮೋಸ ಹೋದೆ’ ಎಂದ. ಅವಳು ಕ್ಯಾಸೆಟ್ ತೆಗೆದು ಬೀರುವಿನಲ್ಲಿಟ್ಟಳು. ಅವನು ಮಾರುಕಟ್ಟೆಗೆ ಹೋದ ಮೇಲೆ, ರಾತ್ರಿ, ಸದ್ದು ತಗ್ಗಿಸಿ ಎರಡೂ ಬದಿ ಕೇಳಿದಳು.

ಅದು ಹೊಸ ಆಲ್ಬಮ್ ಅಲ್ಲ ಎಂದು ಅವಳಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ‘ರೋಜಾ’ ಬಿಡುಗಡೆಯಾದದ್ದು 1992ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ, ರೆಹಮಾನ್ ಇನ್ನೂ ದಿಲೀಪ್ ಎಂದೇ ಪರಿಚಿತರಾಗಿದ್ದಾಗ ಮಾಡಿದ ಆಲ್ಬಮ್ ಅದು. ಕೋಡಂಬಾಕ್ಕಂನ ಮನೆಯ ಹಿತ್ತಲಿನಲ್ಲಿ ಅವರು ಸ್ಟುಡಿಯೋ ಕಟ್ಟಿಕೊಂಡು ಜಾಹೀರಾತುಗಳಿಗೆ ಸಂಗೀತ ಮಾಡುತ್ತಿದ್ದ ಕಾಲ. ಲಿಯೋ ಕಾಫಿಯ ಜಾಹೀರಾತಿನಿಂದಲೇ ಅವರು ಮಣಿರತ್ನಂ ಕಣ್ಣಿಗೆ ಬಿದ್ದದ್ದು. ಶುಭಾ ಕೂಡ ಜಾಹೀರಾತಿನ ಪುಟ್ಟ ಹಾಡುಗಳಲ್ಲಿ ಪಳಗಿದ ಗಾಯಕಿ. ಮೂವತ್ತು ಸೆಕೆಂಡಿನಲ್ಲಿ ಬೇರೆಯವರ ಮಾಲು ಮಾರಿಕೊಡುವ ಕೆಲಸದಲ್ಲಿದ್ದ ಇಬ್ಬರು ಸೇರಿ ತಮ್ಮದೇ ಒಂದು ಆಲ್ಬಮ್ ಮಾಡಿದರು. ಮ್ಯಾಗ್ನಾಸೌಂಡ್ ಕಂಪನಿ ಅದನ್ನು ಹೊರತಂದಿತು. ಅದು ಮಾರಾಟವಾಗಲಿಲ್ಲ.

ಯಾಕೆ ಎಂದು ಕೇಳಿದರೆ ಆ ಕಾಲದ ಲೆಕ್ಕ ನೋಡಬೇಕು. ಸಿನಿಮಾ ಹಾಡಿಗೆ ಸಿನಿಮಾವೇ ಜಾಹೀರಾತು. ಪೋಸ್ಟರ್ ಇದೆ, ನಾಯಕನ ಮುಖ ಇದೆ, ಥಿಯೇಟರಿನಿಂದ ಹೊರಬಂದವನ ಬಾಯಲ್ಲಿ ಹಾಡು ಇದೆ. ಸಿನಿಮಾ ಇಲ್ಲದ ಹಾಡು ಜನರ ಕಿವಿಗೆ ಬೀಳಬೇಕಾದರೆ ಆಕಾಶವಾಣಿ, ದೂರದರ್ಶನ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಖಾಸಗಿ ಎಫ್‌ಎಂ ಬಂದದ್ದು 2001ರಲ್ಲಿ. ಮನೆಗಳಿಗೆ ಕೇಬಲ್ ಆಗಷ್ಟೇ ಕಾಲಿಡುತ್ತಿತ್ತು. ಇಂಗ್ಲಿಷ್ ಪಾಪ್ ಕೇಳುವವರು ಮೈಕೆಲ್ ಜಾಕ್ಸನ್, ಮಡೋನಾ ಕೊಳ್ಳುತ್ತಿದ್ದರು. ಮದ್ರಾಸಿನ ಹುಡುಗಿಯ ಇಂಗ್ಲಿಷ್ ಹಾಡನ್ನು ಅಂಗಡಿಯವನು ಯಾವ ಸಾಲಿನಲ್ಲಿಡಬೇಕು? ವಿದೇಶಿ ಸಾಲಿನಲ್ಲಿಟ್ಟರೆ ಸ್ಥಳೀಯ, ಸ್ಥಳೀಯ ಸಾಲಿನಲ್ಲಿಟ್ಟರೆ ವಿದೇಶಿ.

ಅದೇ ಮ್ಯಾಗ್ನಾಸೌಂಡ್ 1992ರಲ್ಲಿ ಬಾಬಾ ಸೆಹಗಲ್‌ನ ‘ಠಂಡಾ ಠಂಡಾ ಪಾನಿ’ ತಂದು ಗೆದ್ದಿತು. 1995ರಲ್ಲಿ ಅಲೀಶಾ ಚಿನಾಯ್‌ರ ‘ಮೇಡ್ ಇನ್ ಇಂಡಿಯಾ’ ಇಡೀ ದೇಶವನ್ನು ಕುಣಿಸಿತು. ಅವು ಹಿಂದಿಯಲ್ಲಿದ್ದವು, ಜೊತೆಗೆ ವಿಡಿಯೋ ಇತ್ತು, ವಿಡಿಯೋ ತೋರಿಸಲು ಚಾನೆಲ್‌ಗಳಿದ್ದವು. ಶುಭಾರ ಆಲ್ಬಮ್ ಬಂದದ್ದು ಆ ದಾರಿ ತೆರೆಯುವ ಸ್ವಲ್ಪ ಮುಂಚೆ. ಇಂಗ್ಲಿಷ್ ಬಿಟ್ಟು ತಮಿಳಿಗೆ ಬಂದ ಮೇಲೆ ಶುಭಾರ ಪಾಪ್ ಹಾಡುಗಳನ್ನು ಜನ ಕೇಳಿದರು. ಸಿನಿಮಾಗಳಿಗೂ ಅವರು ಹಾಡಿದರು. ಅಂದರೆ ಕೊರತೆ ಧ್ವನಿಯದಾಗಿರಲಿಲ್ಲ.

1996ರಲ್ಲಿ ಹಳೆಯ ಆಲ್ಬಮ್ ಮತ್ತೆ ಅಂಗಡಿಗೆ ಬಂತು, ಈ ಸಲ ರೆಹಮಾನ್ ಹೆಸರಿನ ಬಲದಲ್ಲಿ. ಮಂಡಿಯಲ್ಲಿದ್ದವನಿಗೆ ಇದನ್ನು ವಿವರಿಸಬೇಕಿಲ್ಲ. ಮಾಲು ಅದೇ, ಪೆಟ್ಟಿಗೆಯ ಮೇಲಿನ ಚೀಟಿ ಬೇರೆ. ಚೀಟಿ ನೋಡಿ ಕೊಂಡವನು ಚೀಟಿಯ ರುಚಿಯನ್ನೇ ಹುಡುಕುತ್ತಾನೆ, ಸಿಗದಿದ್ದರೆ ಮೋಸ ಎನ್ನುತ್ತಾನೆ. ಇವನು ಆಡಿದ್ದೂ ಅದೇ ಮಾತು. ಒಬ್ಬ ಗಾಯಕಿಯ ಆಲ್ಬಮ್ ಆಕೆಯ ಹೆಸರಿನಲ್ಲಿ ಬಂದಾಗ ಸೋತಿತು. ಸಂಗೀತ ಮಾಡಿದವರು ದೊಡ್ಡವರಾದ ಮೇಲೆ, ಅವರ ಹಳೆಯ ಕೆಲಸ ಎಂಬ ಕಾರಣಕ್ಕೆ ಮರಳಿತು. ಇವತ್ತಿಗೂ ಅದರ ಮಾತು ಬಂದರೆ ರೆಹಮಾನರ ಮೊದಲ ದಿನಗಳ ಕುತೂಹಲವಾಗಿ ಬರುತ್ತದೆ. ಹಾಡಿದವರು ಎರಡನೇ ವಾಕ್ಯದಲ್ಲಿ ಬರುತ್ತಾರೆ.

ಕೆಜಿಎಫ್‌ನ ಹುಡುಗಿಗೆ ಈ ಲೆಕ್ಕವೆಲ್ಲ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೆ: ತನ್ನಂಥ ಕಡೆಯವಳೊಬ್ಬಳು, ಸೀರೆ ಉಡುವ ಊರಿನವಳು, ಇಂಗ್ಲಿಷಿನಲ್ಲಿ ಎದೆ ಬಿಚ್ಚಿ ಹಾಡಿದ್ದಾಳೆ, ಅದು ಕ್ಯಾಸೆಟ್ ಆಗಿದೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆರ್ಕೆಸ್ಟ್ರಾದವರು ಬೆಂಗಳೂರು, ಚೆನ್ನೈ ಎಂದು ಚದುರಿದರು. ಅವಳ ಹಾಡಿನ ಒಂದೂ ರೆಕಾರ್ಡಿಂಗ್ ಎಲ್ಲೂ ಉಳಿದಿಲ್ಲ. ಬೀರುವಿನಲ್ಲಿದ್ದ ಕ್ಯಾಸೆಟ್ ಮಾತ್ರ ಮನೆ ಬದಲಾಯಿಸಿದಾಗಲೆಲ್ಲ ಜೊತೆಗೇ ಬಂತು.

2020ರ ಮೇ ತಿಂಗಳಲ್ಲಿ ಕೋಯಂಬೇಡು ಮಾರುಕಟ್ಟೆಯನ್ನು ಮುಚ್ಚಿದರು. ಕೊರೊನಾ ಅಲ್ಲಿಂದ ಹಬ್ಬಿತೆಂದು ಊರೆಲ್ಲ ಮಾತು. ವ್ಯಾಪಾರವನ್ನು ತಿರುಮಳಿಸೈಗೆ ಸಾಗಿಸಿದರು. ಇವನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಮನೆಯವರು ಹೊರಗೆ ಬಿಡಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ರಾತ್ರಿ ಮನೆಯಲ್ಲಿದ್ದ. ನಿದ್ದೆ ಬರುತ್ತಿರಲಿಲ್ಲ. ಎರಡು ಗಂಟೆಗೆ ಎದ್ದು ಬೀರು ತಡಕುತ್ತಿದ್ದವನಿಗೆ ಕ್ಯಾಸೆಟ್ ಸಿಕ್ಕಿತು. ಅಟ್ಟದ ಮೇಲಿನ ಟೇಪ್‌ ರೆಕಾರ್ಡರ್ ಇಳಿಸಿ ಹಾಕಿದ.

ಬೆಲ್ಟು ಸಡಿಲವಾಗಿತ್ತು. ಟೇಪು ನಿಧಾನವಾಗಿ ತಿರುಗಿ, ಧ್ವನಿ ಗಡುಸಾಗಿ ಕೆಳಗಿಳಿದಿತ್ತು. ಅವಳು ಎದ್ದು ಬಂದಳು.

‘ಇದು ಅವಳ ಧ್ವನಿ ಅಲ್ಲ’ ಎಂದಳು.

‘ಮತ್ತೆ ಹೆಂಗಿತ್ತು?’

ಅವಳು ಹಾಡಿ ತೋರಿಸಿದಳು. ಪದಗಳೆಲ್ಲ ನೆನಪಿದ್ದವು. ಒಂದು ಬದಿ ಮುಗಿಯುವವರೆಗೂ ಟೇಪಿನ ಜೊತೆಗೇ ಹಾಡಿದಳು. ಅವನು ಗೋಡೆಗೆ ಒರಗಿ ಕೂತು, ಈ ಸಲ ನಿಲ್ಲಿಸದೆ ಕೇಳಿದ. ಕೊನೆಗೆ, ‘ಮಾಲು ಚೆನ್ನಾಗಿದೆ. ಬಂದ ದಿನ ಸರಿ ಇರಲಿಲ್ಲ, ಅಷ್ಟೆ’ ಎಂದ. ಸ್ವಲ್ಪ ಹೊತ್ತಿನ ಮೇಲೆ, ‘ನೀನು ಹೇಳಲೇ ಇಲ್ಲ’ ಎಂದ.

‘ನೀವು ಕೇಳಲಿಲ್ಲ’ ಎಂದಳು.

ಸೆಪ್ಟೆಂಬರಿನಲ್ಲಿ ಮಾರುಕಟ್ಟೆ ತೆರೆಯಿತು. ಅವನು ಒಂದು ದಿನ ಬಿಡುವು ಮಾಡಿಕೊಂಡು ರಿಚಿ ಸ್ಟ್ರೀಟಿಗೆ ಹೋಗಿ ಟೇಪ್‌ ರೆಕಾರ್ಡರಿಗೆ ಹೊಸ ಬೆಲ್ಟು ಹಾಕಿಸಿಕೊಂಡು ಬಂದ. ಸಂಜೆ ಕ್ಯಾಸೆಟ್ ಹಾಕಿದರು. ಶುಭಾರ ಧ್ವನಿ ತನ್ನ ಜಾಗಕ್ಕೆ ಬಂದಿತ್ತು, ತೆಳ್ಳಗೆ, ಚುರುಕಾಗಿ. ಅವಳು ಜೊತೆಗೆ ಹಾಡಲು ಹೋದಳು. ಮೇಲಿನ ಸ್ವರಕ್ಕೆ ಬಂದಾಗ ಗಂಟಲು ಏರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು, ಆಗಲಿಲ್ಲ. ನಲವತ್ತಾರು ವರ್ಷವಾಗಿತ್ತು. ಮೇ ತಿಂಗಳ ಆ ರಾತ್ರಿ ಅಷ್ಟು ಸಲೀಸಾಗಿ ಹಾಡಿದ್ದು ಟೇಪು ತಗ್ಗಿದ್ದರಿಂದ ಎಂದು ಇಬ್ಬರಿಗೂ ಆಗಲೇ ಗೊತ್ತಾದದ್ದು.

ಅವನು ಹಳೆಯ ಬೆಲ್ಟು ಎಲ್ಲಿದೆ ಎಂದು ಜೇಬು ತಡಕಿದ. ಅದನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದ. ಅವಳು ನಕ್ಕು ಟೇಪ್ ಆರಿಸಿ, ತನಗೆ ಒಗ್ಗುವ ಶ್ರುತಿ ಹಿಡಿದು, ಹಾಡನ್ನು ಮೊದಲಿನಿಂದ ಶುರುಮಾಡಿದಳು. ಅವನು ಆ ರಾತ್ರಿ ಮಂಡಿಗೆ ಒಂದು ಗಂಟೆ ತಡವಾಗಿ ಹೋದ. ಟೊಮೆಟೊ ರೇಟು ಆಗಲೇ ಕಟ್ಟಿಯಾಗಿತ್ತು.